ಬಾರ್ ಸನ್ನದಿಗೆ ಕಾರಣ ಕೇಳಿ ನೋಟಿಸ್ ಬಂದಿದೆ, ಮೊದಲು ಯಾರ ಹತ್ರ ಹೋಗ್ಬೇಕು?

ತೆಂಗಿನತೋಟ · ಮೇ 11, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಮ್ಮದು ತುಮಕೂರು ಜಿಲ್ಲೆ. ಊರು, ತಾಲ್ಲೂಕು ದಯವಿಟ್ಟು ಕೇಳಬೇಡಿ.

ಅಪ್ಪನ ಹೆಸರಲ್ಲಿ ಸಿಎಲ್-9 ಸನ್ನದು ಇತ್ತು, ಬಾರ್ ಅಂಡ್ ರೆಸ್ಟೋರೆಂಟ್. ಅಪ್ಪ ತೀರಿಕೊಂಡ ಮೇಲೆ ಅಮ್ಮನ ಹೆಸರಿಗೆ ಆಯ್ತು. ಅಮ್ಮ ಬಾರ್ ಒಳಗೆ ಕಾಲಿಟ್ಟಿರೋದು ಜೀವನದಲ್ಲಿ ಎರಡೇ ಸಲ, ಆಯುಧಪೂಜೆ ದಿನ. ಎಲ್ಲಾ ಮ್ಯಾನೇಜರ್ ನೋಡ್ಕೊಳ್ತಾರೆ. ನಾನು ಮಗಳು, ಬೇರೆ ಕಡೆ ಕೆಲಸದಲ್ಲಿದ್ದೀನಿ.

ಹೋದ ವಾರ ಅಬಕಾರಿಯಿಂದ ನೋಟಿಸ್ ಬಂತು. ಸನ್ನದು ಯಾಕೆ ಅಮಾನತು ಅಥವಾ ರದ್ದು ಮಾಡಬಾರದು, ಏಳು ದಿನದಲ್ಲಿ ಉತ್ತರ ಕೊಡಿ ಅಂತ. ಆರೋಪ ಮೂರು. ಶಾಲೆಯ ಗೇಟಿನಿಂದ 100 ಮೀಟರ್ ಒಳಗಿದೆ. ಹಿಂದುಗಡೆ ತಗಡಿನ ಶೆಡ್ಡಿನಲ್ಲಿ ಟೇಬಲ್ ಹಾಕಿದ್ದೀರಿ, ಅದು ಮಂಜೂರಾದ ನಕ್ಷೆಯಲ್ಲಿಲ್ಲ. ದಾಸ್ತಾನಿನಲ್ಲಿ ವ್ಯತ್ಯಾಸ ಇದೆ. ಶಾಲೆ ಮಕ್ಕಳ ಪೋಷಕರು ಅರ್ಜಿ ಕೊಟ್ಟಿದ್ರಂತೆ, ಅದರ ಮೇಲೆ ತಪಾಸಣೆ ಆಗಿದ್ದು.

ಒಬ್ಬ ವಕೀಲರನ್ನ ಹಿಡಿದ್ವಿ. ಏಳು ದಿನದಲ್ಲಿ ನಾಲ್ಕು ದಿನ "ನಾಳೆ ಬನ್ನಿ" ಅನ್ನೋದ್ರಲ್ಲೇ ಹೋಯ್ತು. ಒಬ್ಬರು ನೇರ ಹೈಕೋರ್ಟಿಗೆ ಹೋಗಿ ಸ್ಟೇ ತನ್ನಿ ಅಂತಾರೆ, ಇನ್ನೊಬ್ಬರು ದಂಡ ಕಟ್ಟಿ ಮುಗಿಸಿ ಅಂತಾರೆ. ಜೂನ್ 30ಕ್ಕೆ ನವೀಕರಣ ಬೇರೆ. ಅಮ್ಮನಿಗೆ ರಾತ್ರಿ ನಿದ್ದೆ ಇಲ್ಲ.

ತಟ್ಟೆಇಡ್ಲಿ · ಮೇ 11, ರಾತ್ರಿ 9:52

ಶಾಸಕರ ಪಿಎಗೆ ಒಂದು ಫೋನ್ ಹಾಕ್ಸಿ ಮೇಡಂ. ಮಿಕ್ಕಿದ್ದು ಮಂಜುನಾಥ ನೋಡ್ಕೊಳ್ತಾನೆ.

ಬಂಗಾರಪೇಟೆ ಪಾನಿಪುರಿ · ಮೇ 11, ರಾತ್ರಿ 10:15

ಇಡ್ಲಿ ಅಣ್ಣನ ಮಾತು ಕೇಳಿದ್ರೆ ಮುಗೀತು ಕಥೆ. ನಾನೂ ಅದೇ ಮಾಡ್ದೋನು.

ನಂದು ಕೋಲಾರ ಜಿಲ್ಲೆ, ಸಿಎಲ್-2, ಅಂದ್ರೆ ವೈನ್ ಶಾಪು. ಪಾರ್ಸೆಲ್ ಕೊಡಬೇಕು ಅಷ್ಟೆ, ಅಲ್ಲೇ ನಿಂತು ಕುಡಿಯೋಕೆ ಬಿಡಂಗಿಲ್ಲ. ಆದ್ರೆ ಸಾಯಂಕಾಲ ಗಾರೆ ಕೆಲಸ ಮುಗಿಸ್ಕೊಂಡು ಬರೋರು ಒಂದು ಕ್ವಾರ್ಟರು, ಒಂದು ನೀರಿನ ಪ್ಯಾಕೆಟ್ಟು, ಒಂದು ಪ್ಲಾಸ್ಟಿಕ್ ಲೋಟ ತಗೊಂಡು ಪಕ್ಕದ ಗೋಡೆಗೆ ಒರಗ್ತಾರೆ. ಓಡ್ಸಿದ್ರೆ ಮುಂದಿನ ಅಂಗಡಿಗೆ ಹೋಗ್ತಾರೆ. ಬಿಟ್ಟೆ. ಕೇಸ್ ಆಯ್ತು. "ರಾಜಿ ದಂಡ ಕಟ್ಟು, ಮುಗೀತದೆ" ಅಂದ್ರು, ಕಟ್ಟಿದೆ. ಇನ್ನೊಂದಪ ಆಯ್ತು, ಕಟ್ಟಿದೆ. ಮೂರನೇದೂ ಕಟ್ಟಿದೆ. ನಾಲ್ಕನೇ ಸಲ ಬಂದ ನೋಟಿಸಲ್ಲಿ ಮೊದಲ ಪ್ಯಾರಾದಾಗೇ ಮೂರಕ್ಕೂ ತಾರೀಕು ಸಮೇತ ಬರ್ದವ್ರೆ, "ಸನ್ನದುದಾರರು ಪದೇ ಪದೇ ಉಲ್ಲಂಘನೆ ಮಾಡುತ್ತಿದ್ದು" ಅಂತ. ನಾನು ಮುಗೀತು ಅಂದ್ಕೊಂಡಿದ್ದೆಲ್ಲಾ ಕಡತದಾಗೆ ಜೀವ ಇಟ್ಕೊಂಡು ಕೂತಿತ್ತು.

ಫೋನ್ ಮಾಡಿಸ್ದೋರು ಆವತ್ತು ಫೋನೇ ಎತ್ತಲಿಲ್ಲ.

ಕರಿಕೋಟು · ಮೇ 11, ರಾತ್ರಿ 11:30

ತುಮಕೂರು ಕೋರ್ಟಿನಲ್ಲಿ ಹತ್ತೊಂಬತ್ತು ವರ್ಷದಿಂದ ಇದ್ದೀನಿ, ಅಬಕಾರಿ ಕಡತ ಸಾಕಷ್ಟು ನೋಡಿದ್ದೀನಿ. ನಿಮ್ಮ ಕಾಗದ ನೋಡದೆ ನಿಮ್ಮ ಕೇಸಿನ ಬಗ್ಗೆ ತೀರ್ಪು ಕೊಡಲ್ಲ, ಎಲ್ಲರಿಗೂ ಅನ್ವಯಿಸೋದನ್ನ ಬರೀತೀನಿ.

ನಿಮ್ಮ ಕೈಲಿರೋದು ಆದೇಶ ಅಲ್ಲ, ನೋಟಿಸು. ಈ ಹಂತದಲ್ಲಿ ಹೈಕೋರ್ಟಿಗೆ ಹೋದ್ರೆ ಮೊದಲ ಪ್ರಶ್ನೆ "ಉತ್ತರ ಕೊಟ್ರಾ?" ಅಂತ. ಅಧಿಕಾರವೇ ಇಲ್ಲದವರು ನೋಟಿಸ್ ಕೊಟ್ಟಿದ್ದರೆ ಮಾತು ಬೇರೆ. ಇಲ್ಲದಿದ್ರೆ "ಅಲ್ಲೇ ಹೋಗಿ ಹೇಳಿ" ಅಂತ ವಾಪಸ್ ಕಳಿಸ್ತಾರೆ, ನಿಮ್ಮ ದುಡ್ಡು ಹೋಗಿರುತ್ತೆ, ಏಳು ದಿನವೂ ಹೋಗಿರುತ್ತೆ.

ಇನ್ನೊಂದು ವಿಷಯ ಮನಸ್ಸಿಗೆ ಹಾಕ್ಕೊಳ್ಳಿ. ಬಟ್ಟೆ ಅಂಗಡಿ, ದಿನಸಿ ಅಂಗಡಿ ಹಾಗಲ್ಲ ಇದು. ಮದ್ಯದ ವ್ಯಾಪಾರ ಮೂಲಭೂತ ಹಕ್ಕಲ್ಲ ಅಂತ ಸುಪ್ರೀಂ ಕೋರ್ಟು 1994ರಲ್ಲೇ ಹೇಳಿದೆ, ಅದೂ ನಮ್ಮ ಕರ್ನಾಟಕದ್ದೇ ಕೇಸು, ಖೋಡೆ ಡಿಸ್ಟಿಲರೀಸ್‌ನದು. ಹಾಗಾಗಿ "ನನ್ನ ಹೊಟ್ಟೆಪಾಡು" ಅಂತ ಅಳೋದ್ರಿಂದ ಏನೂ ಆಗಲ್ಲ. ಆದರೆ ಸರ್ಕಾರ ಒಂದ್ಸಲ ಸನ್ನದು ಕೊಟ್ಟ ಮೇಲೆ ಕಿತ್ತುಕೊಳ್ಳೋಕೂ ದಾರಿ ಇದೆ, ಮನಸ್ಸಿಗೆ ಬಂದ ಹಾಗೆ ಆಗಲ್ಲ. ಆ ದಾರೀಲಿ ಎಲ್ಲಿ ತಪ್ಪಿದ್ದಾರೆ ಅನ್ನೋದೇ ನಮ್ಮ ಕೆಲಸ.

ನೋಟಿಸಿನಲ್ಲಿ ಯಾವ ಸೆಕ್ಷನ್ ಇದೆ ನೋಡಿ. ಕರ್ನಾಟಕ ಅಬಕಾರಿ ಕಾಯ್ದೆ 1965ರ 29 ಇರುತ್ತೆ. ಅದರಲ್ಲಿ ಒಂದು ಸಾಲು ಎಲ್ಲರನ್ನೂ ಹೊಡೆಯುತ್ತೆ: ಷರತ್ತು ಮುರಿದವರು ಸನ್ನದುದಾರರೇ ಆಗಬೇಕಿಲ್ಲ, ಅವರ ಕೆಲಸದವರು ಮುರಿದರೂ ಸಾಕು. "ನಮ್ಮಮ್ಮನಿಗೆ ಗೊತ್ತೇ ಇರಲಿಲ್ಲ" ಅನ್ನೋದು ಉತ್ತರ ಅಲ್ಲ. ರದ್ದಾದ್ರೆ ಕಟ್ಟಿದ ಶುಲ್ಕವೂ ವಾಪಸ್ ಬರಲ್ಲ.

ಈಗ ಮಾಡಬೇಕಾದ್ದು. ನಾಳೆ ಬೆಳಿಗ್ಗೆಯೇ ಒಂದು ಪುಟದ ಅರ್ಜಿ: ನೋಟಿಸಿನಲ್ಲಿ ಹೇಳಿರೋ ದೂರು, ಮಹಜರು (ತಪಾಸಣೆ ವೇಳೆ ಸ್ಥಳದಲ್ಲೇ ಬರೆದ ವರದಿ), ಅಳತೆಯ ನಕ್ಷೆ, ಹೇಳಿಕೆಗಳು, ಇವುಗಳ ನಕಲು ಕೊಡಿ, ನಕಲು ಸಿಕ್ಕ ಮೇಲೆ ಉತ್ತರಕ್ಕೆ ಇಷ್ಟು ದಿನ ಕಾಲಾವಕಾಶ ಕೊಡಿ, ಖುದ್ದು ವಿಚಾರಣೆಗೂ ಅವಕಾಶ ಕೊಡಿ. ಇದನ್ನ ಬರೆಯೋಕೆ ದೊಡ್ಡ ವಕೀಲರು ಬೇಕಿಲ್ಲ, ಅಮ್ಮನ ಸಹಿ ಸಾಕು. ಆದರೆ ಪೂರ್ತಿ ಉತ್ತರ ಬರೆಯೋಕೆ ವಕೀಲರು ಬೇಕೇ ಬೇಕು. ಮುಂದೆ ಅಬಕಾರಿ ಆಯುಕ್ತರ ಮುಂದೆ ಹೋದ್ರೂ, ಅದಾದ ಮೇಲೆ ಬೆಂಗಳೂರಿನ ಎಂ.ಎಸ್. ಬಿಲ್ಡಿಂಗಿನಲ್ಲಿರೋ ಕರ್ನಾಟಕ ಮೇಲ್ಮನವಿ ನ್ಯಾಯಮಂಡಳಿಗೆ ಹೋದ್ರೂ, ಎಲ್ಲರೂ ಮೊದಲು ತೆಗೆದು ಓದೋದು ಈ ಉತ್ತರವನ್ನೇ. ಇಲ್ಲಿ ಹೇಳದೇ ಇದ್ದದ್ದನ್ನ ಅಲ್ಲಿ ಹೇಳಿದ್ರೆ "ಆಮೇಲೆ ಹೊಳೆದ ಮಾತು" ಅಂತಾರೆ.

ಟಪ್ಪಾಲು · ಮೇ 12, ಬೆಳಿಗ್ಗೆ 6:05

ಇಲಾಖೆಯಲ್ಲಿ ಗುಮಾಸ್ತನಾಗಿ ನಿವೃತ್ತನಾದವನು. ವಕೀಲರು ಹೇಳಿದ್ದಕ್ಕೆ ನನ್ನ ಎರಡು ಮಾತು ಸೇರಿಸ್ತೀನಿ.

ಅರ್ಜಿಯನ್ನು ಸಾಹೇಬರ ಕೈಗೆ ಕೊಟ್ಟು ಬರಬೇಡಿ. ಟಪ್ಪಾಲು ಶಾಖೆಯಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಮೊಹರು, ತಾರೀಕು, ಆವಕ ಸಂಖ್ಯೆ ಹಾಕಿಸಿಕೊಳ್ಳಿ. ಅದೇ ದಿನ ಸ್ಪೀಡ್ ಪೋಸ್ಟಿನಲ್ಲಿ ಇನ್ನೊಂದು ಪ್ರತಿ. ಸಾಹೇಬರು "ಆಯ್ತಮ್ಮಾ, ನೋಡೋಣ" ಅಂತ ಒಳ್ಳೆ ಮನಸ್ಸಿನಿಂದಲೇ ಹೇಳಿರಬಹುದು, ಆದರೆ ಟಿಪ್ಪಣಿ ಹಾಳೆಗೆ ಕಿವಿ ಇಲ್ಲ. ಅವಧಿ ಮುಗಿದ ಮರುದಿನ ನನ್ನಂಥ ಗುಮಾಸ್ತ ಒಂದು ಸಾಲು ಬರೀತಾನೆ: "ಸನ್ನದುದಾರರು ನಿಗದಿತ ಅವಧಿಯೊಳಗೆ ಉತ್ತರ ಸಲ್ಲಿಸಿರುವುದಿಲ್ಲ." ಆ ಒಂದು ಸಾಲಿನ ಮೇಲೆ ಎಷ್ಟು ಅಂಗಡಿಗೆ ಬೀಗ ಬಿದ್ದಿದೆ ಅಂತ ನಾನು ಬಲ್ಲೆ.

ನಕಲು ಕೊಡದಿದ್ರೆ ಮಾಹಿತಿ ಹಕ್ಕಿನ ಅರ್ಜಿಯನ್ನೂ ಜೊತೆಗೇ ಹಾಕಿ. 10 ರೂಪಾಯಿ ಶುಲ್ಕ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ, ಮೀರಬೇಡಿ. ಅವರಿಗೆ 30 ದಿನ ಟೈಮ್ ಇದೆ, ಹಾಗಾಗಿ ಅದನ್ನೇ ನೆಚ್ಚಿಕೊಂಡು ಕೂರಬೇಡಿ.

ತೆಂಗಿನತೋಟ · ಮೇ 12, ಮಧ್ಯಾಹ್ನ 3:20

ಕೊಟ್ಟು ಬಂದೆ. ಮೊಹರು ಹಾಕಿಕೊಟ್ರು, ಯಾರೂ ತಕರಾರು ಮಾಡ್ಲಿಲ್ಲ. ಮಹಜರಿನ ನಕಲು ಇವತ್ತೇ ಸಿಕ್ತು. ಮಿಕ್ಕಿದ್ದು ಸೋಮವಾರ ಅಂದಿದ್ದಾರೆ. ಹದಿನೈದು ದಿನ ಟೈಮೂ ಸಿಕ್ಕಿದೆ. ಟಪ್ಪಾಲು ಸರ್, ಕರಿಕೋಟು ಸರ್, ಇಬ್ಬರಿಗೂ ಕೈ ಮುಗೀತೀನಿ.

ಮಹಜರಿನಲ್ಲಿ ದೂರ "86 ಮೀಟರ್" ಅಂತಿದೆ. ಆದರೆ ಎಲ್ಲಿಂದ ಎಲ್ಲಿಗೆ ಅಂತ ಸರಿಯಾಗಿಲ್ಲ. "ಅಂಗಡಿಯಿಂದ ಶಾಲೆಗೆ" ಅಷ್ಟೆ.

ಕರಿಕೋಟು · ಮೇ 12, ಸಂಜೆ 7:10

ಅಲ್ಲಿದೆ ನೋಡಿ ವಿಷಯ.

1967ರ ಅಬಕಾರಿ ಸನ್ನದುಗಳ ಸಾಮಾನ್ಯ ಷರತ್ತುಗಳ ನಿಯಮದಲ್ಲಿ 5ನೇದು ತೆಗೆಯಿರಿ. ದೇವಸ್ಥಾನ, ಮಸೀದಿ, ಚರ್ಚು, ಶಾಲೆ, ಆಸ್ಪತ್ರೆ, ಸರ್ಕಾರಿ ಕಚೇರಿ, ಇವುಗಳಿಂದ 100 ಮೀಟರ್. ಅಳೆಯೋದು ಹೇಗೆ ಅಂತಲೂ ಅಲ್ಲೇ ಇದೆ. ಕಾಗೆ ಹಾರಿದ ಹಾಗೆ ನೆಟ್ಟಗೆ ಅಲ್ಲ. ನಿಮ್ಮ ಅಂಗಡಿ ಬಾಗಿಲಿನ ಮಧ್ಯದಿಂದ ಹಿಡಿದು, ನಡೆದು ಹೋಗೋ ಮನುಷ್ಯ ಸಾಮಾನ್ಯವಾಗಿ ಹಿಡಿಯೋ ಹತ್ತಿರದ ದಾರೀಲಿ, ಶಾಲೆಗೆ ಕಾಂಪೌಂಡ್ ಇದ್ದರೆ ಹತ್ತಿರದ ಗೇಟಿನ ಮಧ್ಯಕ್ಕೆ. ಕಾಂಪೌಂಡ್ ಇಲ್ಲದಿದ್ರೆ ಕಟ್ಟಡದ ಬಾಗಿಲಿಗೆ. ನಾನು ನೋಡಿದ ಮಹಜರುಗಳಲ್ಲಿ ಅರ್ಧಕ್ಕರ್ಧ ಈ ಮೂರರಲ್ಲಿ ಒಂದನ್ನಾದ್ರೂ ಬಿಟ್ಟಿರ್ತವೆ.

ಟೇಪ್ ತಗೊಂಡು ನೀವೇ ಒಂದ್ಸಲ ಅಳೆದು ನೋಡಿ. ಅದು ಸಾಕ್ಷಿ ಆಗಲ್ಲ, ಆದರೆ ನಿಮ್ಮ ವಕೀಲರಿಗೆ ಯಾವ ಕಡೆ ವಾದ ಮಾಡಬೇಕು ಅಂತ ಗೊತ್ತಾಗುತ್ತೆ. ಆಮೇಲೆ ಭೂಮಾಪಕರಿಂದ ಜಂಟಿ ಅಳತೆ ಮಾಡಿಸಿ ಅಂತ ಉತ್ತರದಲ್ಲೇ ಕೇಳಬಹುದು.

ರೋಕಡ್ ಪುಸ್ತಕ · ಮೇ 12, ರಾತ್ರಿ 8:45

ದಾಸ್ತಾನಿನ ವ್ಯತ್ಯಾಸ ಎಷ್ಟು ಅಂತ ಬರೆದಿದ್ದಾರೆ? ನಾನು ಐದಾರು ಬಾರಿನ ಲೆಕ್ಕ ಬರೀತೀನಿ.

ವೈನ್ ಶಾಪಿನಲ್ಲಿ ಬಾಟಲ್ ಎಣಿಸಿದ್ರೆ ಆಯ್ತು. ಬಾರಿನಲ್ಲಿ ಹಾಗಲ್ಲ. 750 ಎಂಎಲ್ ಬಾಟಲಿಂದ 60ರ ಹನ್ನೆರಡು ಪೆಗ್ ಹೋದ ಮೇಲೂ ತಳದಲ್ಲಿ 30 ಉಳಿಯುತ್ತೆ. ರಾತ್ರಿ ಎಂಟು ಗಂಟೆಗೆ ತಪಾಸಣೆಗೆ ಬಂದ್ರೆ ಕೌಂಟರ್ ಮೇಲೆ ತೆರೆದ ಬಾಟಲ್ಲೇ ಹತ್ತಿಪ್ಪತ್ತು ಇರ್ತವೆ. ಅವನ್ನ ಪೂರ್ತಿ ಬಾಟಲ್ ಅಂತ ಎಣಿಸಿದ್ರಾ, ಸೊನ್ನೆ ಅಂತ ಎಣಿಸಿದ್ರಾ, ಅಳೆದ್ರಾ? ಮಹಜರಿನಲ್ಲಿ ಅದರ ಬಗ್ಗೆ ಒಂದಕ್ಷರ ಇಲ್ಲದಿದ್ರೆ ಅದು ನಿಮ್ಮ ಪಾಲಿನ ಮಾತು.

ಬಿಲ್ಲುಗಳೆಲ್ಲ ಸರ್ಕಾರದ ಪಾನೀಯ ನಿಗಮದ ಡಿಪೋದಿಂದಲೇ ಬಂದಿರುತ್ತೆ, ಬೇರೆ ಕಡೆಯಿಂದ ತರೋ ಹಾಗೇ ಇಲ್ಲ. ಹಾಗಾಗಿ ಖರೀದಿ ಪಕ್ಕಾ. ಆವತ್ತಿನ ಮಾರಾಟದ ಎಂಟ್ರಿ ಅಂಗಡಿ ಮುಚ್ಚಿದ ಮೇಲೆ ಬರೆಯೋ ಅಭ್ಯಾಸ ಇದ್ರೆ, ಆ ದಿನದ ಬಿಲ್ ಪುಸ್ತಕ ಜೋಪಾನ.

ತೆಂಗಿನತೋಟ · ಮೇ 13, ಬೆಳಿಗ್ಗೆ 11:15

ಹದಿನಾಲ್ಕು ಕ್ವಾರ್ಟರ್, ಎರಡು ಫುಲ್ ಕಮ್ಮಿ ಅಂತಿದೆ. ತೆರೆದ ಬಾಟಲ್ ಸುದ್ದಿ ಇಲ್ಲ.

ಇವತ್ತು ಬೆಳಿಗ್ಗೆ ಆರಕ್ಕೆ ನಾನು, ನನ್ನ ಚಿಕ್ಕಪ್ಪನ ಮಗ ಐವತ್ತು ಮೀಟರಿನ ಟೇಪ್ ಹಿಡ್ಕೊಂಡು ಹೋದ್ವಿ. ಬಾಗಿಲ ಮಧ್ಯಕ್ಕೆ ಸೀಮೆಸುಣ್ಣದಲ್ಲಿ ಗೀಟು ಹಾಕಿದ್ವಿ. ಮೆಟ್ಟಿಲಿಳಿದು, ಚರಂಡಿ ಚಪ್ಪಡಿ ದಾಟಿ, ಎಳನೀರು ಗಾಡಿ ಸುತ್ತಿ, ರಸ್ತೆ ಅಂಚಲ್ಲೇ ನಡೆದು ತಿರುವಿನಲ್ಲಿ ಬಲಕ್ಕೆ. ಎಳನೀರಿನವರು "ಏನಮ್ಮಾ, ರಸ್ತೆ ಅಗಲ ಮಾಡ್ತವ್ರಾ?" ಅಂತ ಗಾಬರಿ ಬಿದ್ರು. ಶಾಲೆ ಗೇಟಿನ ಮಧ್ಯಕ್ಕೆ ಬಂದಾಗ 131 ಮೀಟರ್.

ಹಾಗಾದ್ರೆ 86 ಎಲ್ಲಿಂದ ಬಂತು ಅಂತ ನೋಡಿದ್ವಿ. ನಮ್ಮ ಅಂಗಡಿ ಪಕ್ಕ ಒಂದು ಖಾಲಿ ಸೈಟಿದೆ, ಯಾರದೋ ಖಾಸಗಿ ಜಾಗ. ಅದರೊಳಗೆ ಅಡ್ಡ ಹೋದ್ರೆ 86 ಆಗುತ್ತೆ! ಮುಳ್ಳುತಂತಿ ಬೇಲಿ ಇದೆ ಅಲ್ಲಿ. ನಾವು ಗೆದ್ದ ಹಾಗೇ ಅಲ್ವಾ ಸರ್?

ಎರಡು ಜಡೆ · ಮೇ 13, ಮಧ್ಯಾಹ್ನ 1:05

ನಿಮ್ಮ ಊರು ಯಾವುದು ಅಂತ ನಾನು ಕೇಳಲ್ಲ. ನಮ್ಮೂರಲ್ಲೂ ಹೀಗೇ ಒಂದು ಬಾರಿದೆ, ನಮ್ಮ ಶಾಲೆಗೂ ಹೀಗೇ ಒಂದು ಖಾಲಿ ಸೈಟಿದೆ, ಅರ್ಜಿಗೆ ಸಹಿ ಹಾಕಿದವರಲ್ಲಿ ನಾನೂ ಒಬ್ಬಳು. ಅದಕ್ಕೇ ಬರೀತಿದ್ದೀನಿ.

ಮುಳ್ಳುತಂತಿ ಬೇಲಿ ಇದೆ ಅಂದ್ರಲ್ಲ, ಅದು ಹರಿದು ಎಷ್ಟು ದಿನ ಆಯ್ತು ನೋಡಿದ್ರಾ? ನಮ್ಮಲ್ಲಿ ಮಕ್ಕಳು ದಿನಾ ಬೆಳಿಗ್ಗೆ ಸಂಜೆ ಆ ಸೈಟೊಳಗಿಂದಲೇ ಬರೋದು. ಹುಲ್ಲು ಸವೆದು ಕಾಲುದಾರಿ ಆಗಿದೆ. ರಸ್ತೆಯಲ್ಲಿ ಟಿಪ್ಪರ್ ಓಡಾಡ್ತವೆ, ಮಕ್ಕಳನ್ನ ರಸ್ತೆ ಕಡೆ ಬಿಡೋಕೆ ನಮಗೇ ಭಯ. ವಕೀಲರೇ ಹೇಳಿದ್ರು, "ನಡೆದು ಹೋಗೋ ಮನುಷ್ಯ ಸಾಮಾನ್ಯವಾಗಿ ಹಿಡಿಯೋ ದಾರಿ" ಅಂತ. ನನ್ನ ಮಗಳು ಮನುಷ್ಯಳಲ್ವಾ? ಅವಳು ಸಾಮಾನ್ಯವಾಗಿ ಹಿಡಿಯೋ ದಾರಿ ಅದೇ. ಮತ್ತೆ ನಿಮ್ಮ ಆ ಹಿಂದಿನ ಶೆಡ್ಡು, ಅದು ಯಾವ ಕಡೆಗೆ ತೆರೆದುಕೊಂಡಿದೆ?

ತೆಂಗಿನತೋಟ · ಮೇ 13, ಮಧ್ಯಾಹ್ನ 2:30

ಸೈಟಿನ ಕಡೆಗೆ.

ತಟ್ಟೆಇಡ್ಲಿ · ಮೇ 13, ಮಧ್ಯಾಹ್ನ 2:34

ಅಲ್ಲಿಗೆ ಬಿತ್ತು ಗೋವಿಂದ.

ಕರಿಕೋಟು · ಮೇ 13, ರಾತ್ರಿ 9:20

ಎರಡು ಜಡೆ ಮೇಡಂ ಎತ್ತಿರೋ ಪ್ರಶ್ನೆ ಎದುರು ಪಕ್ಷದ ವಕೀಲರು ಎತ್ತಿದ್ರೆ ನಾನು ಬೆವರು ಒರೆಸ್ಕೋತಿದ್ದೆ. ಖಾಸಗಿ ಸೈಟಿನೊಳಗೆ ಅತಿಕ್ರಮಿಸಿ ಹೋಗೋದು ದಾರಿ ಅಲ್ಲ, ಸಾರ್ವಜನಿಕರಿಗೆ ಹಕ್ಕಿರೋ ರಸ್ತೆಯಲ್ಲೇ ಅಳೆಯಬೇಕು ಅಂತ ನಾವು ವಾದ ಮಾಡ್ತೀವಿ. ಒಳ್ಳೆ ವಾದವೇ. ಆದರೆ ನಿಯಮದ ಮಾತು "ಸಾಮಾನ್ಯವಾಗಿ" ಅಂತ, ಸವೆದ ಕಾಲುದಾರಿಯ ಫೋಟೋ ಮೇಜಿನ ಮೇಲೆ ಬಂದ್ರೆ ಅದಕ್ಕೂ ತೂಕ ಇದೆ. ಗೆದ್ದ ಹಾಗೆ ಅಲ್ಲಮ್ಮ, ವಾದ ಮಾಡೋಕೆ ಜಾಗ ಸಿಕ್ಕಿದೆ ಅಷ್ಟೆ.

ಅಂಗಡಿ ಮೊದಲು ಬಂತಾ ಶಾಲೆ ಮೊದಲು ಬಂತಾ ಅನ್ನೋದಕ್ಕೂ ದಾಖಲೆ ಹುಡುಕಿ. ಸನ್ನದು ಮೊದಲು ಮಂಜೂರಾದ ಆದೇಶ, ಶಾಲೆಯ ಮಾನ್ಯತೆ ಪತ್ರದ ತಾರೀಕು, ಆ ಗೇಟು ಯಾವಾಗ ಇಟ್ಟಿದ್ದು. ಇದೊಂದರಿಂದಲೇ ಪಾರಾಗ್ತೀವಿ ಅಂತ ಕೂರಬೇಡಿ, ಆದರೆ ಉತ್ತರದಲ್ಲಿ ಇರಲೇಬೇಕು.

ಶೆಡ್ಡಿಗೆ ಮಾತ್ರ ನನ್ನ ಹತ್ರ ವಾದ ಇಲ್ಲ. ನಕ್ಷೆಯಲ್ಲಿಲ್ಲದ ಜಾಗದಲ್ಲಿ ಕೂರಿಸಿ ಕುಡಿಸಿದ್ರೆ ತಪ್ಪು ತಪ್ಪೇ. ಇವತ್ತೇ ಟೇಬಲ್ ತೆಗೆಸಿ, ಶೆಡ್ ಕೆಡವಿಸಿ, ತಾರೀಕು ಬೀಳೋ ಹಾಗೆ ಫೋಟೋ ತೆಗೆದು ಉತ್ತರದ ಜೊತೆ ಲಗತ್ತಿಸಿ. ತಪ್ಪಿರೋ ಕಡೆ ಒಪ್ಪಿಕೊಂಡು ಸರಿಪಡಿಸಿದವರ ಮಾತನ್ನ, ತಪ್ಪಿಲ್ಲ ಅನ್ನೋ ಕಡೆ ಜಾಸ್ತಿ ನಂಬ್ತಾರೆ. ಇದು ಕಾನೂನು ಪುಸ್ತಕದಲ್ಲಿಲ್ಲ, ವಿಚಾರಣೆ ನೋಡಿ ನೋಡಿ ಕಲಿತದ್ದು.

ಹೊರಗಿನ ಸಿಸಿಟಿವಿ ದೃಶ್ಯ ಇದ್ದರೆ ಈಗಲೇ ತೆಗೆದಿಡಿ, ಅದರ ರೆಕಾರ್ಡರ್ (ಡಿವಿಆರ್) ತನ್ನಷ್ಟಕ್ಕೇ ಹಳೇದನ್ನ ಅಳಿಸ್ಕೊಂಡು ಹೋಗುತ್ತೆ. ಪೆನ್‌ಡ್ರೈವ್ ಒಂದೇ ಕೊಟ್ರೆ ಸಾಲದು, ಹೊಸ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಪ್ರಮಾಣಪತ್ರ ಬೇಕು.

ನಂದಿ ತಪ್ಪಲು · ಮೇ 14, ಬೆಳಿಗ್ಗೆ 8:00

ಚಿಕ್ಕಬಳ್ಳಾಪುರ ಕಡೆಯವನು. ಅಳತೆ ಅಂದ ತಕ್ಷಣ ಹಳೇ ಗಾಯ ನೆನಪಾಯ್ತು. ಹೈದರಾಬಾದ್ ಹೆದ್ದಾರಿ ಪಕ್ಕ ನಮ್ಮದೊಂದು ಬಾರಿತ್ತು. 2016ರ ಡಿಸೆಂಬರ್ 15ಕ್ಕೆ ಸುಪ್ರೀಂ ಕೋರ್ಟು ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯದಂಗಡಿ ಬೇಡ ಅಂತು. ಮಾರ್ಚಲ್ಲಿ ಸಣ್ಣ ಊರುಗಳಿಗೆ, 20 ಸಾವಿರ ಜನಸಂಖ್ಯೆ ಮೀರದ ಕಡೆಗೆ, 220 ಮೀಟರ್ ಮಾಡಿದ್ರು. ನಮ್ಮ ಅಬಕಾರಿ ವರ್ಷ ಜುಲೈಯಿಂದ ಜೂನ್ ಆದ್ರಿಂದ 2017ರ ಜೂನ್ 30ರ ರಾತ್ರಿ ಬೀಗ. ಆಮೇಲೆ ನಗರಸಭೆ ಪುರಸಭೆ ವ್ಯಾಪ್ತಿಗೆ ವಿನಾಯಿತಿ ಸಿಕ್ತು, 2018ರ ಫೆಬ್ರವರಿಯಲ್ಲಿ ಪಂಚಾಯಿತಿ ಜಾಗಗಳನ್ನ ರಾಜ್ಯವೇ ನೋಡ್ಕೊಳ್ಳಲಿ ಅಂದ್ರು. ಅಷ್ಟರಲ್ಲಿ ನಮ್ಮ ಅಡುಗೆಯವನು ಬೇರೆ ಹೋಟೆಲ್ ಸೇರಿದ್ದ, ಬಾಡಿಗೆ ಕರಾರು ಮುಗಿದಿತ್ತು.

ಆವಾಗ ಮಾಡಿದ ದಡ್ಡತನ ಹೇಳ್ತೀನಿ. ಆದೇಶದ ದೃಢೀಕೃತ ನಕಲಿಗೆ ಅರ್ಜಿಯೇ ಹಾಕಿರಲಿಲ್ಲ. ವಾಟ್ಸಾಪಿನಲ್ಲಿ ಬಂದ ಫೋಟೋ ಇದೆಯಲ್ಲ ಅಂತ ಕೂತಿದ್ವಿ. ಮೇಲ್ಮನವಿ ತಡ ಆಯ್ತು, ತಡ ಯಾಕಾಯ್ತು ಅಂತ ಇನ್ನೊಂದು ಅರ್ಜಿ, ಅದಕ್ಕೊಂದು ಅಫಿಡವಿಟ್ಟು. ಆದೇಶ ಬಂದ ದಿನವೇ ನಕಲಿಗೆ ಅರ್ಜಿ ಹಾಕಿ.

ತೆಂಗಿನತೋಟ · ಮೇ 14, ರಾತ್ರಿ 10:40

ಶೆಡ್ ಕೆಡವಿಸಿ ಅಂದ್ರೆ ಮ್ಯಾನೇಜರ್ ಒಪ್ತಿಲ್ಲ. "ವ್ಯಾಪಾರ ಅರ್ಧ ಅಲ್ಲೇ ಆಗೋದು, ನಾನು ತಿಂಗಳಿಗೆ ನಿಮಗೆ ಕೊಡೋ ದುಡ್ಡು ಎಲ್ಲಿಂದ ತರ್ಲಿ, ಕರಾರಿನಲ್ಲಿ ಇನ್ನೂ ಎರಡು ವರ್ಷ ಇದೆ" ಅಂತಾರೆ. ಛಾಪಾ ಕಾಗದದಲ್ಲಿ ಬರೆದಿದ್ದು ಅದು, ಅಪ್ಪನ ಕಾಲದ್ದು…

ಕರಿಕೋಟು · ಮೇ 14, ರಾತ್ರಿ 10:46

ಇಲ್ಲಿಗೆ ನಿಲ್ಲಿಸಿ. ಮುಂದೆ ಒಂದಕ್ಷರ ಇಲ್ಲಿ ಬರೀಬೇಡಿ. ನಿರ್ವಾಹಕರೇ, ಮೊತ್ತ ಗಿತ್ತ ಯಾರಾದ್ರೂ ಕೇಳಿದ್ರೆ ತೆಗೆದುಹಾಕಿ.

ಬೇರೆಯವರಿಗೂ ಗೊತ್ತಾಗಲಿ ಅಂತ ಸಾಮಾನ್ಯವಾಗಿ ಹೇಳ್ತೀನಿ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರು ಜಿಲ್ಲೆಯಲ್ಲೂ ಎಷ್ಟೋ ಕಡೆ ಸನ್ನದು ಒಬ್ಬರದು, ನಡೆಸೋರು ಇನ್ನೊಬ್ಬರು. "ಮ್ಯಾನೇಜರ್" ಅಂತಾರೆ, ಆದರೆ ಸಂಬಳ ತಗೊಳ್ಳೋ ಬದಲು ಅವರೇ ತಿಂಗಳಿಗಿಷ್ಟು ಕೊಡ್ತಾರೆ. ಜನ ಇದನ್ನ ಒಳಗುತ್ತಿಗೆ ಅಂತಾರೆ. 29ನೇ ಸೆಕ್ಷನ್ ಪ್ರಕಾರ ಅನುಮತಿ ಇಲ್ಲದೆ ಸನ್ನದನ್ನ ವರ್ಗಾಯಿಸೋದು, ಒಳಗುತ್ತಿಗೆ ಕೊಡೋದು ಅದೇ ಒಂದು ರದ್ದತಿಯ ಕಾರಣ. ನೂರು ಮೀಟರ್, ಹದಿನಾಲ್ಕು ಕ್ವಾರ್ಟರ್ ಎಲ್ಲಾ ಇದರ ಮುಂದೆ ಚಿಲ್ಲರೆ. ಕಾನೂನುಬದ್ಧವಾಗಿ ಹಸ್ತಾಂತರಕ್ಕೆ 1968ರ ಮದ್ಯ ಮಾರಾಟದ ನಿಯಮದಲ್ಲಿ 17-ಬಿ ಅಂತ ದಾರಿ ಇದೆ, ಶುಲ್ಕ ಕಟ್ಟಿ ಮಾಡಬಹುದು. ಶುಲ್ಕ ಉಳಿಸೋಕೆ ಹೋಗಿ ಜನ ಸನ್ನದೇ ಕಳ್ಕೊಳ್ತಾರೆ.

ನೀವು ಇದನ್ನ ನಿಮ್ಮ ವಕೀಲರಿಗೆ ಮಾತ್ರ ಹೇಳಿ, ಮುಚ್ಚಿಡದೆ ಪೂರ್ತಿ ಹೇಳಿ. ಕಕ್ಷಿದಾರರು ವಕೀಲರಿಗೆ ಹೇಳಿದ ಗುಟ್ಟಿಗೆ ಕಾನೂನಿನ ರಕ್ಷಣೆ ಇದೆ. ಅವರೇನು ಸಲಹೆ ಕೊಟ್ರೂ, "ಅಂಥದ್ದೇನೂ ಇಲ್ಲ" ಅಂತ ಸುಳ್ಳು ಅಫಿಡವಿಟ್ ಮಾತ್ರ ಹಾಕಬೇಡಿ. ಹಾಕಿಸೋ ವಕೀಲರಿದ್ರೆ ಫೈಲು ವಾಪಸ್ ತಗೊಳ್ಳಿ.

ನಿರ್ವಾಹಕ · ಮೇ 14, ರಾತ್ರಿ 11:02

ಎರಡು ಪ್ರತಿಕ್ರಿಯೆ ತೆಗೆದಿದ್ದೇನೆ. ಕರಾರಿನ ವಿವರ ಯಾರೂ ಕೇಳಬೇಡಿ.

ತೆಂಗಿನತೋಟ · ಮೇ 15, ಬೆಳಿಗ್ಗೆ 9:30

ಹೊಸ ವಕೀಲರು ಬೇಕು. ಮೊದಲನೆಯವರು ಫೀಸು ಪೂರ್ತಿ ತಗೊಂಡಿದ್ದಾರೆ, ಈಗ ಕೈ ಖಾಲಿ. ಅಮ್ಮನ ಕೈಲಿ ಏನೂ ಇಲ್ಲ ಅಂದ್ರೆ ಬಾರ್ ಮಾಲೀಕರು ಅಂತ ಯಾರೂ ನಂಬಲ್ಲ.

ಕರಿಕೋಟು · ಮೇ 15, ಮಧ್ಯಾಹ್ನ 1:50

ಮೊದಲನೆಯವರಿಂದ ಕಡತ, ವಕಾಲತ್ತಿಗೆ ನಿರಾಕ್ಷೇಪಣೆ (ಬೇರೆ ವಕೀಲರನ್ನ ಇಟ್ಕೊಳ್ಳೋಕೆ ಅಡ್ಡಿಯಿಲ್ಲ ಅನ್ನೋ ಒಪ್ಪಿಗೆ) ಬರೆಸಿಕೊಳ್ಳಿ. ಹೊಸಬರ ಹತ್ರ ಫೀಸನ್ನ ಹಂತ ಹಂತವಾಗಿ ಮಾತಾಡಿ: ಉತ್ತರ ತಯಾರಿಗೆ ಇಷ್ಟು, ವಿಚಾರಣೆಗೆ ಇಷ್ಟು, ಮೇಲ್ಮನವಿ ಆದ್ರೆ ಬೇರೆ. ನಮ್ಮವರೇ ಕೋಪ ಮಾಡ್ಕೋಬಹುದು, ಆದರೆ ರಸೀದಿ ಕೇಳಿ.

ಮತ್ತೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅಮ್ಮನನ್ನ ಕರ್ಕೊಂಡು ಹೋಗಿ, ತುಮಕೂರು ಕೋರ್ಟಿನ ಹತ್ರ ಯಾರನ್ನ ಕೇಳಿದ್ರೂ ತೋರಿಸ್ತಾರೆ. 15100ಕ್ಕೆ ಫೋನ್ ಮಾಡಿದ್ರೂ ಆಯ್ತು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಸೆಕ್ಷನ್ ಓದಿದವರಿಗೆ ಗೊತ್ತು, ಆದಾಯದ ಮಿತಿ ಬೇರೆ ಗುಂಪಿನವರಿಗೆ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇದ್ರೂ ಉಚಿತ ಕಾನೂನು ನೆರವು ಪಡೆಯೋ ಅರ್ಹತೆ ಇದೆ. ಕೇಸಿನಲ್ಲಿ ಮೇಲ್ನೋಟಕ್ಕೆ ಹುರುಳಿದೆ ಅಂತ ಅವರಿಗೆ ಅನ್ನಿಸಬೇಕು, ಅಷ್ಟೆ.

ಎರಡು ಜಡೆ · ಮೇ 15, ಮಧ್ಯಾಹ್ನ 2:20

ಬಾರ್ ಉಳಿಸ್ಕೊಳ್ಳೋಕೆ ಸರ್ಕಾರದ ಖರ್ಚಲ್ಲಿ ವಕೀಲರು! ಚೆನ್ನಾಗಿದೆ.

ಕರಿಕೋಟು · ಮೇ 15, ಮಧ್ಯಾಹ್ನ 2:41

ಅದೇ ಸೆಕ್ಷನ್ನಲ್ಲಿ ನಿಮಗೂ ಸಿಗುತ್ತೆ ಮೇಡಂ. ದೂರುದಾರರಾಗಿ ನಿಮ್ಮ ಮಾತನ್ನೂ ಕೇಳಿ ಅಂತ ವಿಚಾರಣೆಯಲ್ಲಿ ಅರ್ಜಿ ಹಾಕಬಹುದು. ಕಾಲುದಾರಿ ಫೋಟೋ ಮರೀಬೇಡಿ. ಹಾಗೇ ಇನ್ನೊಂದು: ಚಿಕ್ಕ ಹುಡುಗರಿಗೆ ಮಾರಿದ್ದು ನೋಡಿದ್ರೆ ಅದನ್ನ ಬೇರೆಯಾಗಿ ಬರೆಯಿರಿ. ಅಬಕಾರಿ ಕಾಯ್ದೆಯ 36ನೇ ಸೆಕ್ಷನ್ನಲ್ಲಿ 18 ವರ್ಷ, 1967ರ ನಿಯಮದಲ್ಲಿ 21. ಎರಡೂ ಗೊತ್ತಿರಲಿ.

ತಟ್ಟೆಇಡ್ಲಿ · ಮೇ 15, ಮಧ್ಯಾಹ್ನ 2:50

ಸಾರ್, ನೀವು ಯಾರ ಕಡೆ?

ಕರಿಕೋಟು · ಮೇ 15, ಮಧ್ಯಾಹ್ನ 2:52

ಫೀಸು ಯಾರೂ ಕೊಟ್ಟಿಲ್ವಲ್ಲಪ್ಪ, ಅದಕ್ಕೇ ಇಬ್ಬರ ಕಡೆಯೂ.

ತೆಂಗಿನತೋಟ · ಜೂನ್ 19, ಸಂಜೆ 6:30

ತುಂಬಾ ದಿನ ಆಯ್ತು, ಕ್ಷಮಿಸಿ. ಪ್ರಾಧಿಕಾರದಿಂದ ಒಬ್ಬ ಲೇಡಿ ವಕೀಲರು ಸಿಕ್ಕಿದ್ರು. ಒಂಬತ್ತು ಪುಟದ ಉತ್ತರ, ಇಪ್ಪತ್ತೆರಡು ಲಗತ್ತು. ಶೆಡ್ ಕೆಡವಿದ ಫೋಟೋನೇ ಮೊದಲನೇ ಲಗತ್ತು. ಮ್ಯಾನೇಜರ್ ವಿಷಯ ಮುಗಿದಿದೆ, ಅದರ ಬಗ್ಗೆ ಇಷ್ಟೇ ಬರೀಬೇಕು ಅಂತ ವಕೀಲರು ಹೇಳಿದ್ದಾರೆ.

ನಿನ್ನೆ ವಿಚಾರಣೆ ಇತ್ತು. ಅಮ್ಮನೇ ಬಂದಿದ್ರು, ರೇಷ್ಮೆ ಸೀರೆ ಉಟ್ಕೊಂಡು, ಯಾರದೋ ಮದುವೆಗೆ ಹೊರಟ ಹಾಗೆ. "ನಿಮ್ಮ ಬಾರಿನಲ್ಲಿ ಎಷ್ಟು ಟೇಬಲ್ ಇದೆ ಅಮ್ಮಾ?" ಅಂತ ವಿಚಾರಣೆ ನಡೆಸೋ ಸಾಹೇಬರು ಕೇಳಿದ್ರು. ಅಮ್ಮ "ಹದಿನೊಂದು, ಒಂದರ ಕಾಲು ಅಲುಗಾಡುತ್ತೆ" ಅಂದ್ರು. ಹೋದ ತಿಂಗಳಿಂದ ದಿನಾ ಬೆಳಿಗ್ಗೆ ಹೋಗಿ ಗಲ್ಲಾದಲ್ಲಿ ಕೂರ್ತಿದ್ದಾರೆ, ಹನ್ನೊಂದು ಗಂಟೆವರೆಗೆ. ಎದುರು ಕಡೆ ಪೋಷಕರು ಆರು ಜನ ಬಂದಿದ್ರು, ಕಾಲುದಾರಿ ಫೋಟೋನೂ ತಂದಿದ್ರು.

ಆದೇಶ ಇನ್ನೂ ಬಂದಿಲ್ಲ. ನವೀಕರಣದ ಶುಲ್ಕ ಖಜಾನೆ ಚಲನ್ ಮೂಲಕ ಕಟ್ಟಿದ್ದೀವಿ, ನೋಟಿಸ್ ಬಾಕಿ ಇದ್ರೂ ಕಟ್ಟೋದು ಬಿಡಬೇಡಿ ಅಂದ್ರು ವಕೀಲರು.

ತೆಂಗಿನತೋಟ · ಜುಲೈ 8, ರಾತ್ರಿ 8:15

ಆದೇಶ ಬಂತು. ಶೆಡ್ಡಿಗೂ ದಾಸ್ತಾನಿಗೂ ಅಮಾನತಿನ ಬದಲು ಅಬಕಾರಿ ಕಾಯ್ದೆಯ 45ನೇ ಸೆಕ್ಷನ್ ಕೆಳಗೆ ದಂಡ. ದಾಸ್ತಾನಿನಲ್ಲಿ ತೆರೆದ ಬಾಟಲ್ ಲೆಕ್ಕ ಒಪ್ಪಿದ್ದಾರೆ, ಆದರೂ ಎರಡು ಫುಲ್‌ಗೆ ನಮ್ಮ ಹತ್ರ ಉತ್ತರ ಇರಲಿಲ್ಲ. ದೂರದ ವಿಷಯಕ್ಕೆ ಭೂಮಾಪಕರಿಂದ ಜಂಟಿ ಅಳತೆ, ಎರಡೂ ಕಡೆಯವರ ಮುಂದೆ. ಅಲ್ಲಿವರೆಗೆ ಅಂಗಡಿ ತೆಗೆದಿರಬಹುದು. ದೃಢೀಕೃತ ನಕಲಿಗೆ ಅದೇ ದಿನ ಅರ್ಜಿ ಹಾಕಿದೆ, ನಂದಿ ತಪ್ಪಲು ಸರ್.

ಬಂಗಾರಪೇಟೆ ಪಾನಿಪುರಿ · ಜುಲೈ 8, ರಾತ್ರಿ 8:40

ಒಳ್ಳೇದಾಯ್ತಮ್ಮ. ದಂಡ ಕಟ್ಟಿದ ರಸೀದಿ ಜೊತೆ, ಈ ಸಲ ಏನು ಸರಿ ಮಾಡಿದ್ದೀರಿ ಅನ್ನೋ ಒಂದು ಕಾಗದವೂ ಕಡತಕ್ಕೆ ಸೇರಿಸಿ ಬನ್ನಿ. ನಾನು ಸೇರಿಸದೆ ಕೆಟ್ಟೆ.

ಕರಿಕೋಟು · ಜುಲೈ 8, ರಾತ್ರಿ 10:10

ಜಂಟಿ ಅಳತೆ ಯಾವ ಕಡೆಗಾದ್ರೂ ತಿರುಗಬಹುದು. ಅದಕ್ಕೆ ಕಾಯದೆ, ಜಾಗ ಬದಲಾಯಿಸೋಕೆ ಅನುಮತಿ ಕೇಳೋ ಅರ್ಜಿನೂ ತಯಾರು ಮಾಡಿಟ್ಕೊಳ್ಳಿ. ಹೊಸ ಸಿಎಲ್-9 ಎಲ್ಲರಿಗೂ ಸಿಗೋ ವಸ್ತು ಅಲ್ಲ. ಇರೋ ಸನ್ನದನ್ನ ಬೇರೆ ಕಟ್ಟಡಕ್ಕೆ ಒಯ್ಯೋದು ರದ್ದು ಮಾಡಿಸಿಕೊಳ್ಳೋದಕ್ಕಿಂತ ಸಾವಿರ ಪಾಲು ವಾಸಿ.

ತೆಂಗಿನತೋಟ · ಜುಲೈ 9, ಬೆಳಿಗ್ಗೆ 7:20

ಅಮ್ಮನೂ ಅದೇ ಅಂದ್ರು. ಮಾರ್ಕೆಟ್ ಹಿಂದೆ ಒಂದು ಕಟ್ಟಡ ನೋಡಿದ್ದೀವಿ, ಮೊದಲು ಕೊಬ್ಬರಿ ಮಂಡಿ ಇತ್ತಂತೆ. ಅಕ್ಕಪಕ್ಕ ಶಾಲೆ ಗೀಲೆ ಏನೂ ಇಲ್ಲ.

ಎರಡು ಜಡೆ · ಜುಲೈ 9, ಬೆಳಿಗ್ಗೆ 9:05

ಮಂಡಿಗಳ ಹಿಂದುಗಡೆ ಅಂಗನವಾಡಿ ಇರುತ್ತೆ ಎಷ್ಟೋ ಕಡೆ, ಬೋರ್ಡು ಗೋಡೆ ಒಳಗಡೆ. ಅಳೆದು ನೋಡ್ಕೊಳ್ಳಿ.

ತೆಂಗಿನತೋಟ · ಜುಲೈ 9, ಬೆಳಿಗ್ಗೆ 9:12

ಟೇಪ್ ಇನ್ನೂ ಸ್ಕೂಟರ್ ಡಿಕ್ಕಿಯಲ್ಲೇ ಇದೆ ಮೇಡಂ. ಸಂಜೆ ಹೋಗ್ತೀವಿ.